ಬೆಳೆ–ಬೆಲೆ ಬಲ್ಲವರಿಗೆ ಇಂಗ್ಲಿಷ್ ಅಂಜಿಕೆ ಯಾಕೆ?

ಕ್ಯಾಂಪಸ್ ಸಂದರ್ಶನ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲ್‌ಗಳಲ್ಲಿ ಒಂದು ಪಟ್ಟಿ ಕೈಯಿಂದ ಕೈಗೆ ಓಡಾಡುತ್ತದೆ. ಅದರ ತುಂಬ ನೋಡಲು ಒಂದೇ ಥರ ಕಾಣುವ, ಅರ್ಥ ಬೇರೆಯೇ ಇರುವ ಇಂಗ್ಲಿಷ್ ಪದಗಳ ಜೋಡಿಗಳು. ರಾತ್ರಿಯೆಲ್ಲ ಕಂಠಪಾಠ ಮಾಡಿದರೂ ಬೆಳಿಗ್ಗೆ ಯಾವುದು ಯಾವುದೆಂಬ ಗೊಂದಲ ಹೋಗುವುದಿಲ್ಲ. ಕೋಡಿಂಗ್ ಚೆನ್ನಾಗಿ ಬಲ್ಲ ಕನ್ನಡ ಮಾಧ್ಯಮದ ಗೆಳೆಯರು ಆಪ್ಟಿಟ್ಯೂಡ್ ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲೇ ನಿಂತುಬಿಡುವುದನ್ನು ನೋಡಿದ್ದೇನೆ.

ಇದು ದಡ್ಡತನವಲ್ಲ. ಕನ್ನಡದಲ್ಲಿ ನಾವು ಹೆಚ್ಚುಕಡಿಮೆ ನುಡಿದಂತೆ ಬರೆಯುತ್ತೇವೆ, ಇಂಗ್ಲಿಷಿನಲ್ಲಿ ಹಾಗಿಲ್ಲ. ‘ಪ್ರಿನ್ಸಿಪಲ್’ ಎಂದು ಕನ್ನಡದಲ್ಲಿ ಬರೆದುಕೊಂಡರೆ ಎರಡು ಪದಗಳು ಒಂದಾಗಿಬಿಡುತ್ತವೆ. ‘ಎ–ಎಲ್’ನಿಂದ ಮುಗಿದರೆ ಕಾಲೇಜಿನ ಪ್ರಾಚಾರ್ಯರು, ಶೈಕ್ಷಣಿಕ ಸಾಲದ ಅಸಲು, ನಮ್ಮ ಪಠ್ಯದ ‘ಪ್ರಿನ್ಸಿಪಲ್ ಸ್ಟ್ರೆಸ್’. ಮೂರರಲ್ಲೂ ‘ಪ್ರಧಾನ’ ಎಂಬ ಅರ್ಥವಿದೆ. ‘ಎಲ್–ಇ’ಯಿಂದ ಮುಗಿದರೆ ತತ್ವ, ಆರ್ಕಿಮಿಡೀಸನ ತತ್ವದ ಹಾಗೆ.

ಹುನಗುಂದದ ಎರೆಹೊಲದ ರೈತ ‘ಬೆಳೆ ಬಂತು, ಬೆಲೆ ಬರಲಿಲ್ಲ’ ಎನ್ನುವಾಗ ಎಂದಾದರೂ ತಡವರಿಸುತ್ತಾನೆಯೇ? ಇಲ್ಲ. ಅವನು ಆ ಪದಗಳನ್ನು ಪಟ್ಟಿ ನೋಡಿ ಜೋಡಿಯಾಗಿ ಕಲಿತವನಲ್ಲ. ಒಂದನ್ನು ಹೊಲದಲ್ಲಿ ಕಲಿತ, ಇನ್ನೊಂದನ್ನು ಎಪಿಎಂಸಿಯಲ್ಲಿ. ಇಂಗ್ಲಿಷಿಗೂ ಇದೇ ದಾರಿ. ಜೋಡಿ ಬಿಡಿಸಿ, ಒಂದೊಂದು ಪದಕ್ಕೂ ಅದರದೇ ಜಾಗ ಕೊಡಬೇಕು. ಆ ಜಾಗಗಳು ನಮ್ಮ ಜಿಲ್ಲೆಯಲ್ಲೇ ಇವೆ.

ಇಳಕಲ್‌ಗೆ ಹೋಗಿ. ಮಗ್ಗದ ಹಾಸು ‘ವಾರ್ಪ್’. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವುದೇ ಇಳಕಲ್ ಸೀರೆಯ ಹೆಗ್ಗುರುತು. ಅಂಗಡಿಯಾತ ಸೀರೆಯನ್ನು ಕಾಗದದಲ್ಲಿ ಸುತ್ತಿಕೊಟ್ಟರೆ ಅದು ‘ರ‍್ಯಾಪ್’. ನೂಲಿಗೆ ಬಣ್ಣ ಹಾಕುವುದು ‘ಡೈಯಿಂಗ್’. ಅದರ ಕಾಗುಣಿತದಲ್ಲಿ ‘ವೈ’ ಮುಂದಿನ ‘ಇ’ ಬಿಟ್ಟರೆ ಬಣ್ಣ ಹಾಕುವ ಕಸುಬು ಸಾಯುವ ಕಸುಬಾಗುತ್ತದೆ! ಗ್ರಾನೈಟ್ ತೆಗೆಯುವುದು ‘ಕ್ವಾರಿ’ಯಿಂದ, ಡೇಟಾಬೇಸ್‌ಗೆ ನಾವು ಹಾಕುವುದು ‘ಕ್ವೆರಿ’.

ಬಾದಾಮಿಯಲ್ಲಿ ‘ಸೈಟ್’ ಮೂರು. ಗುಹಾಲಯಗಳಿರುವ ಸ್ಥಳ ‘ಎಸ್–ಐ–ಟಿ–ಇ’. ಮೇಲಿನಿಂದ ಕಾಣುವ ಅಗಸ್ತ್ಯ ತೀರ್ಥದ ನೋಟ ‘ಎಸ್–ಐ–ಜಿ–ಎಚ್–ಟಿ’. ಮೂರನೇ ಗುಹೆಯಲ್ಲಿರುವ ಕ್ರಿ.ಶ. 578ರ ಶಾಸನವನ್ನು ನಿಮ್ಮ ವರದಿಯಲ್ಲಿ ಉಲ್ಲೇಖಿಸಿದರೆ ‘ಸಿ–ಐ–ಟಿ–ಇ’.

ಬಾಗಲಕೋಟೆಯವರಿಗಂತೂ ‘ಅಫೆಕ್ಟ್–ಎಫೆಕ್ಟ್’ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಹಿನ್ನೀರು ಹಳೇ ಊರನ್ನು ಬಾಧಿಸಿತು; ಅದು ‘ಅಫೆಕ್ಟ್’, ಸಾಮಾನ್ಯವಾಗಿ ಕ್ರಿಯಾಪದ. ಅದರ ಪರಿಣಾಮವಾಗಿ ನವನಗರ ಎದ್ದಿತು. ಪರಿಣಾಮ ‘ಎಫೆಕ್ಟ್’, ಸಾಮಾನ್ಯವಾಗಿ ನಾಮಪದ.

ಆದ್ದರಿಂದ ಗೆಳೆಯರೇ, ಪಟ್ಟಿಯನ್ನು ಎಸೆಯಬೇಡಿ, ಬಳಸುವ ರೀತಿ ಬದಲಿಸಿ. ಜೋಡಿಯ ಎರಡೂ ಪದಗಳನ್ನು ಒಂದೇ ದಿನ ಕಲಿಯಬೇಡಿ. ಒಂದು ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು, ನಿಮ್ಮ ಊರಿನ ಮೇಲೆ ಒಂದು ವಾಕ್ಯ ಕಟ್ಟಿ. ಅದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋಗಿ. ಪ್ಲೇಸ್‌ಮೆಂಟ್ ತರಬೇತಿ ಕೊಡುವವರೂ ಜೆರಾಕ್ಸ್ ಪಟ್ಟಿ ಹಂಚಿ ಸುಮ್ಮನಾಗದೆ, ವಿದ್ಯಾರ್ಥಿಗಳಿಂದಲೇ ಇಂಥ ವಾಕ್ಯ ಬರೆಸಲಿ. ‘ಳ’ ಮತ್ತು ‘ಲ’ಗಳ ನಡುವೆ ಬದುಕಿನ ಲೆಕ್ಕವನ್ನೇ ಬೇರ್ಪಡಿಸಬಲ್ಲ ನಮಗೆ ‘ಎ’ ಮತ್ತು ‘ಇ’ಗಳ ವ್ಯತ್ಯಾಸ ಖಂಡಿತ ದಕ್ಕುತ್ತದೆ.