ಸೇತುವೆ ಏನೋ ಗಟ್ಟಿ, ಆದ್ರೆ ಯಾರಿಗೋಸ್ಕರ?

ಹಾಸ್ಟೆಲ್‌ನಲ್ಲಿ "ಒಂದು ಒಳ್ಳೇ ವಾರ್ ಮೂವಿ ಹೇಳೋ" ಅಂದ್ರೆ ಬರೋ ಲಿಸ್ಟ್ ನಮಗೆಲ್ಲ ಬಾಯಿಪಾಠ. ಗುಂಡಿನ ಸದ್ದು ಜೋರಾಗಿರಬೇಕು, ಬಾವುಟ ಹಾರಬೇಕು, ಕೊನೆಗೆ ಮೈ ಜುಮ್ ಅನ್ನಬೇಕು. ಅಂಥವನ್ನು ನೋಡಬೇಡಿ ಅಂತ ನಾನು ಹೇಳ್ತಿಲ್ಲ, ನಾನೂ ಶಿಳ್ಳೆ ಹೊಡೆದವನೇ. ಆದರೆ ಎಂಜಿನಿಯರಿಂಗ್ ಓದೋರು ನೋಡಲೇಬೇಕಾದ ಯುದ್ಧದ ಸಿನಿಮಾಗಳು ಬೇರೆಯೇ ಇವೆ ಅನ್ನೋದು ನನ್ನ ವಾದ. ಅವುಗಳಲ್ಲಿ ಬಂದೂಕು ಹಿಡಿದವರಿಗಿಂತ ಲೆಕ್ಕ ಹಾಕೋರು, ಪ್ಲಾನ್ ಬರೆಯೋರು, ಡೆಡ್‌ಲೈನ್ ಹಿಂದೆ ಓಡೋರು ಮುಖ್ಯ. ಅಂದ್ರೆ ನಾಳೆಯ ನಾವು.

ಮೊದಲನೆಯದು ಡೇವಿಡ್ ಲೀನ್ ನಿರ್ದೇಶನದ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' (1957). ಅತ್ಯುತ್ತಮ ಚಿತ್ರವೂ ಸೇರಿ 7 ಆಸ್ಕರ್ ಗೆದ್ದ ಸಿನಿಮಾ. ಇದಕ್ಕೆ ಆಧಾರವಾದ ಕಾದಂಬರಿ ಬರೆದ ಪಿಯೆರ್ ಬೂಲ್ ಸ್ವತಃ ಎಂಜಿನಿಯರಿಂಗ್ ಓದಿದವನು, ಮಲಯಾದ ರಬ್ಬರ್ ತೋಟಗಳಲ್ಲಿ ಕೆಲಸ ಮಾಡಿದವನು. ಕಥೆ ನೋಡಿದ್ರೆ ಅದು ಗೊತ್ತಾಗುತ್ತೆ.

ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕ ಬ್ರಿಟಿಷ್ ಸೈನಿಕರು ಶತ್ರುವಿನ ರೈಲಿಗೆ ಸೇತುವೆ ಕಟ್ಟಬೇಕು. ಕರ್ನಲ್ ನಿಕೋಲ್ಸನ್ (ಅಲೆಕ್ ಗಿನ್ನೆಸ್) ಶುರುವಲ್ಲಿ ಹಠ ಹಿಡೀತಾನೆ: ಅಧಿಕಾರಿಗಳು ಕೂಲಿ ಕೆಲಸ ಮಾಡಲ್ಲ, ಅದು ನಿಯಮಕ್ಕೆ ವಿರುದ್ಧ. ಅದಕ್ಕಾಗಿ ಕಾದ ತಗಡಿನ ಗೂಡಿನಲ್ಲಿ ದಿನಗಟ್ಟಲೆ ಬೇಯ್ತಾನೆ, ಕೊನೆಗೆ ಗೆಲ್ತಾನೆ. ಹೊರಗೆ ಬಂದು ನೋಡಿದ್ರೆ ಸೇತುವೆ ಕೆಲಸ ಹಾಳಾಗಿ ಕೂತಿದೆ. ಜಾಗವೇ ತಪ್ಪು, ತಳದಲ್ಲಿ ಮೆತ್ತನೆ ಕೆಸರು, ಕಂಬಗಳು ಕುಸೀತಾವೆ. ಅಲ್ಲಿಗೆ ಅವನೊಳಗಿನ ಕೆಲಸಗಾರ ಎದ್ದು ಕೂರ್ತಾನೆ. ಜಾಗ ಬದಲಾಯಿಸಿ, ಮಣ್ಣು ನೋಡಿ, ಗ್ಯಾಂಗ್‌ಗಳನ್ನ ಹೊಸದಾಗಿ ಹಂಚಿ! ಅಲ್ಲಿನ ಮರ ಲಂಡನ್ ಸೇತುವೆಯ ಹಳೇ ಮರದ ಕಂಬಗಳ ಹಾಗೆ 600 ವರ್ಷ ಬಾಳುತ್ತೆ ಅಂತ ಕೇಳಿ ಅವನ ಕಣ್ಣು ಅರಳುತ್ತೆ. ನಮಗೂ ಅರಳುತ್ತೆ, ನಿಜ ಹೇಳಿ. ಅದೇ ಈ ಸಿನಿಮಾದ ಬಲೆ.

ಕ್ಯಾಂಪಿನ ಡಾಕ್ಟರ್ ಕ್ಲಿಪ್ಟನ್ ಮಾತ್ರ ಒಂದು ಪ್ರಶ್ನೆ ಕೇಳ್ತಾನೆ: ಅವರಿಗೆ ಕಟ್ಟೋಕೆ ಆಗದಷ್ಟು ಒಳ್ಳೇ ಸೇತುವೆಯನ್ನ ನಾವು ಕಟ್ಟಿಕೊಡಲೇಬೇಕಾ? ನಿಕೋಲ್ಸನ್ ವಾಪಸ್ ಕೇಳ್ತಾನೆ: ಶತ್ರುವಿಗೆ ಆಪರೇಷನ್ ಮಾಡಬೇಕಾಗಿ ಬಂದ್ರೆ ನೀನು ಚೆನ್ನಾಗಿ ಮಾಡ್ತೀಯೋ, ಸಾಯೋಕೆ ಬಿಡ್ತೀಯೋ? ಉತ್ತರ ಪೆದ್ದುತನದ್ದಲ್ಲ. ಕೆಲಸ ಸಿಕ್ಕ ಮೇಲೆ ಕೈದಿಗಳು ಮತ್ತೆ ಮನುಷ್ಯರಾಗಿದ್ದಾರೆ ಅನ್ನೋದೂ ಸುಳ್ಳಲ್ಲ. ಆದರೆ ಡೆಡ್‌ಲೈನ್ ಹತ್ತಿರ ಬಂದಾಗ ಇದೇ ನಿಕೋಲ್ಸನ್ ಅಧಿಕಾರಿಗಳನ್ನೂ ಕೆಲಸಕ್ಕೆ ಇಳಿಸ್ತಾನೆ, ಆಸ್ಪತ್ರೆಯಲ್ಲಿ ಮಲಗಿದ ರೋಗಿಗಳನ್ನೂ ಎಬ್ಬಿಸ್ತಾನೆ. ಯಾವುದಕ್ಕಾಗಿ ಪ್ರಾಣ ಕೊಡೋಕೆ ತಯಾರಿದ್ದನೋ ಅದನ್ನ ಪ್ರಾಜೆಕ್ಟ್‌ಗೋಸ್ಕರ ತಾನೇ ಬಿಟ್ಟುಕೊಟ್ಟ. ಯಾರೂ ಬಲವಂತ ಮಾಡಲಿಲ್ಲ.

ಇದನ್ನ ಇತಿಹಾಸ ಅಂದ್ಕೋಬೇಡಿ. ನಿಜವಾದ ಥಾಯ್ಲೆಂಡ್-ಬರ್ಮಾ ರೈಲು ಮಾರ್ಗ ಸುಮಾರು 415 ಕಿ.ಮೀ. ಉದ್ದ, ಕಟ್ಟಿದ್ದು 1942-43ರಲ್ಲಿ. ಸತ್ತ ಯುದ್ಧಕೈದಿಗಳೇ 12,000ಕ್ಕೂ ಹೆಚ್ಚು. ಏಷ್ಯಾದ ಕೂಲಿಗಳಲ್ಲಿ ಸತ್ತವರು ಅದರ ಹಲವು ಪಟ್ಟು, ಅವರಲ್ಲಿ ಮಲಯಾದ ತೋಟಗಳಿಂದ ಬಂದ ತಮಿಳರೂ ಬಹಳ ಮಂದಿ. ಸಿನಿಮಾ ಅವರ ಕಡೆ ಕ್ಯಾಮೆರಾ ತಿರುಗಿಸೋದೇ ಇಲ್ಲ. ಇದು ಅದರ ದೊಡ್ಡ ಕೊರತೆ. ಅಲ್ಲಿದ್ದ ನಿಜವಾದ ಬ್ರಿಟಿಷ್ ಅಧಿಕಾರಿ ಫಿಲಿಪ್ ಟೂಸಿ ಕೂಡ ನಿಕೋಲ್ಸನ್‌ಗೆ ಉಲ್ಟಾ. ಕೆಲಸ ಆದಷ್ಟು ನಿಧಾನವಾಗೋ ಹಾಗೆ ನೋಡಿಕೊಂಡವನು.

ಎರಡನೆಯದು ಅದೇ 1957ರ 'ಪಾತ್ಸ್ ಆಫ್ ಗ್ಲೋರಿ', ನಿರ್ದೇಶಕ ಸ್ಟಾನ್ಲಿ ಕುಬ್ರಿಕ್. "ಹಳೇ ಸಿನಿಮಾ ಲ್ಯಾಗ್ ಮಗಾ" ಅನ್ನೋರಿಗೆ: ಇದು ಬರೀ 88 ನಿಮಿಷ. ಮೊದಲ ಮಹಾಯುದ್ಧದ ಫ್ರೆಂಚ್ ಜನರಲ್ ಒಬ್ಬ ಹಿಡಿಯೋಕೆ ಸಾಧ್ಯವೇ ಇಲ್ಲದ ಗುಡ್ಡವನ್ನ ಹಿಡೀಬೇಕು ಅಂತಾನೆ. ನಮ್ಮದೇ ಫಿರಂಗಿಗೆ ಶೇ. 5 ಸಾಯ್ತಾರೆ, ಬಯಲು ದಾಟೋವಾಗ ಶೇ. 10, ತಂತಿಬೇಲಿ ಹತ್ತಿರ ಶೇ. 20, ಗುಡ್ಡದ ಮೇಲೆ ಇನ್ನೊಂದು ಶೇ. 25, ಉಳಿದವರು ಸಾಕು. ಎಕ್ಸೆಲ್ ಶೀಟ್ ಓದಿದ ಹಾಗೆ ಓದ್ತಾನೆ. ದಾಳಿ ಸೋತಾಗ ಹೇಡಿಗಳು ಅಂತ ಎಷ್ಟು ಜನರನ್ನ ಕೊಲ್ಲಬೇಕು ಅನ್ನೋದಕ್ಕೆ ಸಂತೆಯ ಚೌಕಾಸಿ ನಡೆಯುತ್ತೆ. 100ರಿಂದ ಶುರುವಾಗಿ 3ಕ್ಕೆ ನಿಲ್ಲುತ್ತೆ. ಈ ಸಿನಿಮಾ ಫ್ರಾನ್ಸ್‌ನಲ್ಲಿ ತೆರೆ ಕಂಡಿದ್ದು 1975ರಲ್ಲಿ.

ಆ ಶೇಕಡಾ ಲೆಕ್ಕದಲ್ಲಿ ಬರೋ ಒಬ್ಬೊಬ್ಬನಿಗೂ ಒಂದು ಮನೆ ಇರುತ್ತೆ ಅನ್ನೋದನ್ನ ನೋಡೋಕೆ ನಮ್ಮ 'ಮುತ್ತಿನ ಹಾರ' (1990) ಇದೆ. ರಾಜೇಂದ್ರ ಸಿಂಗ್ ಬಾಬು ನಿರ್ದೇಶನ. ಕೊಡಗಿನ ಸೈನಿಕನಾಗಿ ವಿಷ್ಣುವರ್ಧನ್, ಹೆಂಡತಿಯಾಗಿ ಸುಹಾಸಿನಿ. ಹಾಡಿಗಷ್ಟೇ ನೆನಪಿಟ್ಟುಕೊಂಡಿದ್ದರೆ ಇನ್ನೊಮ್ಮೆ ಪೂರ್ತಿ ನೋಡಿ.

ಕೊನೆಯದು ಕುಬ್ರಿಕ್‌ನದ್ದೇ 'ಡಾಕ್ಟರ್ ಸ್ಟ್ರೇಂಜ್‌ಲವ್' (1964). ನಗಿಸುತ್ತಲೇ ಹೊಟ್ಟೆಯಲ್ಲಿ ಭಯ ಹುಟ್ಟಿಸೋ ಸಿನಿಮಾ. ತಲೆಕೆಟ್ಟ ಅಧಿಕಾರಿಯೊಬ್ಬ ಅಣುಬಾಂಬ್ ಹಾಕೋಕೆ ವಿಮಾನಗಳನ್ನ ಕಳಿಸ್ತಾನೆ. ವಾಪಸ್ ಕರೆಯೋ ಕೋಡ್ ಸಿಗುತ್ತೆ, ಆದ್ರೆ ಒಂದು ವಿಮಾನದ ರೇಡಿಯೋ ಕೆಟ್ಟಿರುತ್ತೆ. ಅದರ ಸಿಬ್ಬಂದಿ ಎಷ್ಟು ನಿಪುಣರು ಅಂದ್ರೆ, ಇಂಧನ ಸೋರ್ತಿದ್ರೂ ಗುರಿ ಬದಲಿಸಿ ಮುಂದೆ ಹೋಗ್ತಾರೆ, ಬಾಂಬಿನ ಬಾಗಿಲು ತೆರೀದಿದ್ರೆ ಪೈಲಟ್ಟೇ ಇಳಿದು ವೈರಿಂಗ್ ರಿಪೇರಿ ಮಾಡ್ತಾನೆ. ಪ್ರಪಂಚ ಮುಳುಗೋದು ಅವರ ಬೇಜವಾಬ್ದಾರಿಯಿಂದಲ್ಲ, ಕರ್ತವ್ಯನಿಷ್ಠೆಯಿಂದ.

ನಾಲ್ಕು ವರ್ಷ ನಮಗೆ ಕಲಿಸೋದು 'ಹೇಗೆ' ಅನ್ನೋದನ್ನ. ಲೋಡ್ ಎಷ್ಟು, ಎರರ್ ಎಷ್ಟು, ಯಾವಾಗ ಸಬ್ಮಿಟ್ ಮಾಡಬೇಕು. 'ಯಾರಿಗೆ, ಯಾಕೆ' ಅನ್ನೋದು ಯಾವ ಇಂಟರ್ನಲ್ಸ್‌ನಲ್ಲೂ ಬರಲ್ಲ. ನಾಳೆ ಪ್ಲೇಸ್‌ಮೆಂಟ್ ಆಗಿ ಯಾರೋ ಡ್ರೋನ್‌ನ ಕೋಡ್ ಬರೀತಾರೆ, ಯಾರೋ ಮುಖ ಗುರುತಿಸೋ ಕ್ಯಾಮೆರಾ ಮಾಡ್ತಾರೆ. ಆ ಕೆಲಸ ಮಾಡಲೇಬೇಡಿ ಅನ್ನೋಕೆ ನಾನ್ಯಾರು? ದೇಶಕ್ಕೆ ರಕ್ಷಣೆಯೂ ಬೇಕು, ಮನೆಗೆ ಸಂಬಳವೂ ಬೇಕು. ಆದರೆ ಕ್ಲಿಪ್ಟನ್ ಕೇಳಿದ ಪ್ರಶ್ನೆಯನ್ನ ಆಫರ್ ಲೆಟರ್‌ಗೆ ಸಹಿ ಹಾಕೋ ಮುಂಚೆ ಒಂದ್ಸಲ ಕೇಳ್ಕೊಳ್ಳೋದು ಒಳ್ಳೇದು. ನಿಕೋಲ್ಸನ್‌ಗೆ ಅದು ಹೊಳೆಯೋದು ಯಾವಾಗ ಅನ್ನೋದನ್ನ ನಾನು ಹೇಳಲ್ಲ, ನೀವೇ ನೋಡಿ.

ಮುಂದಿನ ಫಿಲ್ಮ್ ನೈಟ್‌ಗೆ 'ಕ್ವಾಯ್' ಹಾಕಿ ಅಂತ ಕ್ಲಬ್ಬಿನವರಲ್ಲಿ ನನ್ನ ಮನವಿ. 161 ನಿಮಿಷ, ಸ್ವಲ್ಪ ಬೇಗ ಶುರು ಮಾಡಿ. ಸಿವಿಲ್‌ನವರು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ.