ಬಂಧನದ ನಿಯಮಗಳು ಊರಗೋಡೆಯ ಮೇಲೆ ಕನ್ನಡದಲ್ಲಿರಲಿ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಮಹಾಜನರಲ್ಲಿ ವಿಜ್ಞಾಪನೆ

ಹೊಯ್ಸಳರ ಕಾಲದಲ್ಲಿ ದೇವಾಲಯಕ್ಕೆ ಭೂಮಿಯನ್ನು ದತ್ತಿಬಿಟ್ಟಾಗ, ಅದರ ಎಲ್ಲೆ ಯಾವುದು, ಅದರಿಂದ ಸಲ್ಲತಕ್ಕ ತೆರಿಗೆ ಯಾವುದು, ಅದನ್ನು ಅಪಹರಿಸಿದವನಿಗೆ ತಟ್ಟುವ ಪಾಪವೆಂತಹುದು ಎಂಬುದನ್ನೆಲ್ಲ ಕನ್ನಡದಲ್ಲಿ ಕಲ್ಲಿನ ಮೇಲೆ ಕಂಡರಿಸಿ, ಜನರು ನಿತ್ಯವೂ ನಡೆದಾಡುವ ಎಡೆಯಲ್ಲಿ ನಿಲ್ಲಿಸುತ್ತಿದ್ದರು. 1902ರಲ್ಲಿ ಶಾಸನತಜ್ಞ ರೈಸ್ ಅವರು ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ತೆರೆದವರಿಗೆ ಈ ಸೀಮೆಯು ಅಂತಹ ಬರಹಗಳಿಂದ ಎಷ್ಟು ಸಂಪನ್ನವೆಂಬುದು ವೇದ್ಯವಾಗುವುದು. ಅಂದಿನ ನ್ಯಾಯವು ಎಲ್ಲರಿಗೂ ಸಮನಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಕಟ್ಟಳೆಯು ಜನರ ಕಣ್ಣಿಗೆ ಬೀಳುವಂತಿರಬೇಕೆಂಬ ವಿವೇಕವು ಅಂದಿನವರಲ್ಲಿತ್ತು. ದತ್ತಿಯ ಗದ್ದೆಗೆ ದೊರೆತ ಆ ಗೌರವವು ಮನುಷ್ಯನ ದೇಹಸ್ವಾತಂತ್ರ್ಯಕ್ಕೆ ಇಂದು ದೊರೆಯಬೇಡವೆ?

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 22ನೆಯ ಅನುಚ್ಛೇದದಲ್ಲಿ, ಬಂಧಿತನಾದ ಯಾವನಿಗೇ ಆಗಲಿ ಬಂಧನದ ಕಾರಣವನ್ನು ತಿಳಿಸದೆ ಇರಿಸಕೂಡದೆಂದೂ, ತನ್ನ ಇಷ್ಟದ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ಅವನಿಗೆ ನಿರಾಕರಿಸಕೂಡದೆಂದೂ, ಪ್ರಯಾಣಕ್ಕೆ ತಗಲುವ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಅವನನ್ನು ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದೂ ವಿಧಿಸಿದೆ. ಮುನ್ನೆಚ್ಚರಿಕೆಯ ಬಂಧನಕ್ಕೆ ಮಾತ್ರ ಬೇರೆ ನಿಯಮವುಂಟು. ಅರಸೀಕೆರೆಯಲ್ಲಿಯೂ ಬೇಲೂರಿನಲ್ಲಿಯೂ ನ್ಯಾಯಾಲಯಗಳಿವೆ. ಹಳೇಬೀಡಿನ ಠಾಣೆಯಿಂದ ಬೇಲೂರಿಗೆ ಇರುವ ದೂರ ಸುಮಾರು 16 ಕಿಲೋಮೀಟರು. ಪ್ರಯಾಣದ ನೆಪವನ್ನು ಹೇಳುವುದಕ್ಕೆ ನಮ್ಮ ಸೀಮೆಯಲ್ಲಿ ಆಸ್ಪದವೇ ಇಲ್ಲ. ಭಾನುವಾರವಾಗಲಿ ಹಬ್ಬದ ರಜೆಯಾಗಲಿ ಈ ಗಡುವನ್ನು ಮುಂದಕ್ಕೆ ದೂಡಲಾರದು.

2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ನಡೆಯುತ್ತಿದೆ. ಹೆಸರು ಬದಲಾದರೂ ಈ ರಕ್ಷಣೆಗಳು ಅಳಿದಿಲ್ಲ. ಬಂಧನದ ವಿಷಯವನ್ನು ಬಂಧುಗಳಿಗಾಗಲಿ ಸ್ನೇಹಿತರಿಗಾಗಲಿ ಪೊಲೀಸರು ತಿಳಿಸಲೇಬೇಕು. ಅಸಾಧಾರಣ ಸಂದರ್ಭದ ಹೊರತು ಸೂರ್ಯಾಸ್ತದ ಮೇಲೆ, ಸೂರ್ಯೋದಯಕ್ಕೆ ಮುನ್ನ, ಹೆಂಗಸರನ್ನು ಬಂಧಿಸುವಂತಿಲ್ಲ. ಅಪರಾಧವೊಂದು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದ ಪ್ರಯಾಣಿಕನು ತನ್ನ ಪೆಟ್ಟಿಗೆ ಹಿಂದಿನ ಯಾವುದೋ ನಿಲ್ದಾಣದ ಬಳಿ ಕಳುವಾಯಿತೆಂದು ದೂರಿದರೆ, ಅದು ತಮ್ಮ ಎಲ್ಲೆಗೆ ಸೇರಿದುದಲ್ಲವೆಂದು ಅವನನ್ನು ಹಿಂದಕ್ಕೆ ಅಟ್ಟುವಂತಿಲ್ಲ. ದೂರನ್ನು ದಾಖಲಿಸಿದ ಪ್ರಥಮ ವರ್ತಮಾನ ವರದಿಯ, ಎಂದರೆ ಎಫ್‌ಐಆರ್‌ನ, ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು.

ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ 1996ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಬಂಧನದ ಮೆಮೊವನ್ನು ಸಾಕ್ಷಿಯ ರುಜುವಿನೊಡನೆ ಬರೆಯುವುದೇ ಮೊದಲಾದ ನಿಯಮಗಳನ್ನು ವಿಧಿಸಿ, ಅವನ್ನು ಪ್ರತಿಯೊಂದು ಠಾಣೆಯಲ್ಲಿಯೂ ಎದ್ದುಕಾಣುವ ಸ್ಥಳದಲ್ಲಿ ಪ್ರಕಟಿಸಬೇಕೆಂದು ಆಜ್ಞಾಪಿಸಿತು. ಆಜ್ಞೆಯು ಸ್ತುತ್ಯವಾದುದೇ. ಆದರೆ ಠಾಣೆಯ ಗೋಡೆಯನ್ನು ಓದುವ ಅವಕಾಶವು ಬಡವನಿಗೆ ಒದಗುವುದು ಬಹುಮಟ್ಟಿಗೆ ಅವನನ್ನು ಒಳಕ್ಕೆ ಕರೆತಂದ ಮೇಲೆ. ಭಯದಿಂದ ನಡುಗುತ್ತಿರುವವನು, ಹೊರಗೆ ಅಳುತ್ತ ನಿಂತಿರುವ ಅವನ ತಾಯಿ, ಆ ಗಳಿಗೆಯಲ್ಲಿ ಗೋಡೆಯನ್ನು ಓದಿ ಹಕ್ಕನ್ನು ಕೇಳುವರೆಂದು ನಿರೀಕ್ಷಿಸುವುದು ಮನುಷ್ಯಸ್ವಭಾವವನ್ನು ಅರಿಯದವರ ಮಾತು. ಹಕ್ಕಿನ ಅರಿವು ಆಪತ್ತಿಗೆ ಮೊದಲೇ ಮನೆಯನ್ನು ಸೇರಿರಬೇಕು.

ಇವೆಲ್ಲ ಕಳ್ಳರಿಗೆ ರಕ್ಷೆಯಾಗುವುದಿಲ್ಲವೆ ಎಂದು ಕೇಳುವ ಸಜ್ಜನರೂ ಉಂಟು. ಅವರಿಗೆ ನಮ್ಮ ಉತ್ತರವಿದು: ಅರಸೀಕೆರೆಯ ಮಂಡಿಯಿಂದ ಕೊಬ್ಬರಿಯ ಮೂಟೆಗಳು ಕಾಣೆಯಾದುವೆಂದು ಇಟ್ಟುಕೊಳ್ಳಿ, ಸಂಶಯವು ಮೊದಲು ಎರಗುವುದು ಮೂಟೆ ಹೊತ್ತ ಹಮಾಲಿಯ ಮೇಲೆ. ಅವನು ಕದ್ದನೋ ಇಲ್ಲವೋ ಎಂಬುದನ್ನು ನಿರ್ಣಯಿಸತಕ್ಕದ್ದು ನ್ಯಾಯಾಲಯವೇ ಹೊರತು ಮಂಡಿಯ ಯಜಮಾನನಲ್ಲ, ಠಾಣಾಧಿಕಾರಿಯೂ ಅಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ರುಜುವಾತುಪಡಿಸಕೂಡದೆಂದು ಸಾಕ್ಷ್ಯದ ಕಾನೂನು ವಿಧಿಸಿರುವುದು, ಏಟಿನಿಂದ ಹೊರಡುವ ಮಾತನ್ನು ಸತ್ಯವೆಂದು ನಂಬಲಾಗದೆಂಬ ಅನುಭವದಿಂದ. ಹಮಾಲಿಯನ್ನು ಹೊಡೆದು ಒಪ್ಪಿಸಿದ ದಿನ ನಿಜವಾದ ಕಳ್ಳನು ನಿಶ್ಚಿಂತನಾಗುತ್ತಾನೆ. ನಿಯಮವನ್ನು ಮೀರಿದ ಬಂಧನದಿಂದ ಕೊಬ್ಬರಿಯ ಒಡೆಯನಿಗೂ ನ್ಯಾಯ ದೊರೆಯುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಹೆಂಗಸರೂ ಮಕ್ಕಳೂ, ಪರಿಶಿಷ್ಟ ಜಾತಿ ಪಂಗಡಗಳವರೂ, ಬಂಧನದಲ್ಲಿರುವ ಯಾರೇ ಆಗಲಿ, ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ಸಲಹೆ ದೊರೆಯುವುದು.

ಆದಕಾರಣ ನಮ್ಮ ಬೇಡಿಕೆ ಒಂದೇ. 24 ಗಂಟೆಗಳ ನಿಯಮ, ಕಾರಣವನ್ನು ತಿಳಿಯುವ ಹಕ್ಕು, ಬಂಧುಗಳಿಗೆ ಸುದ್ದಿ, ವಕೀಲರ ನೆರವು, ಎಫ್‌ಐಆರ್‌ನ ಪ್ರತಿ, ಇವಿಷ್ಟನ್ನು ದಪ್ಪ ಅಕ್ಷರದ ತಿಳಿಗನ್ನಡದಲ್ಲಿ ಪ್ರತಿಯೊಂದು ಪಂಚಾಯಿತಿ ಕಚೇರಿಯ ಹೊರಗೋಡೆಯ ಮೇಲೂ, ಬಸ್ ನಿಲ್ದಾಣಗಳಲ್ಲಿಯೂ, ಸಂತೆಯ ಮೈದಾನಗಳಲ್ಲಿಯೂ ಬರೆಸಬೇಕು. ಬಣ್ಣದ ಖರ್ಚು ಅತ್ಯಲ್ಪ. ಪುರಾತನ ಸ್ಮಾರಕಗಳ ಗೋಡೆಯನ್ನು ಮಾತ್ರ ಯಾರೂ ಮುಟ್ಟಕೂಡದು. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಈ ಕರಪತ್ರವನ್ನು ಕೈಯಲ್ಲಿ ಹಿಡಿದು ಬನ್ನಿರಿ, ಎದ್ದು ನಿಂತು ಈ ಗೊತ್ತುವಳಿಯನ್ನು ಮಂಡಿಸಿರಿ, ಅದು ನಡವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಸಭೆಯನ್ನು ಬಿಟ್ಟು ಏಳಬೇಡಿರಿ.