ಪುಟ್ಟಿಗೆ ಎಷ್ಟು ಬಾಲ್ ಸಿಗುತ್ತೆ?

ಮೂರು ವಾರದಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಅಕ್ಕನ ಮಗಳು ಪುಟ್ಟಿ ಈಗ ಆಡ್ತಿರೋ ಕ್ರಿಕೆಟ್ ಲೀಗಲ್ಲೇ ಇರಬೇಕಾ, ಹುಡುಗಿಯರ ಲೀಗಿಗೆ ಹೋಗಬೇಕಾ?

ಪುಟ್ಟಿಗೆ ಕಳೆದ ಆಗಸ್ಟ್‌ನಲ್ಲಿ ಹನ್ನೊಂದು ತುಂಬಿತು. ಬನಶಂಕರಿಯ ಅವರ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಮೈದಾನ. ಅಲ್ಲಿ ಪ್ರತಿ ಭಾನುವಾರ 13 ವರ್ಷದೊಳಗಿನವರ ಲೀಗ್ ನಡೆಯುತ್ತೆ. ಯಾರು ಬೇಕಾದರೂ ಸೇರಬಹುದು ಅಂತ ಇದ್ದರೂ ಅವಳ ತಂಡದ 14 ಮಕ್ಕಳಲ್ಲಿ ಹುಡುಗಿ ಇವಳೊಬ್ಬಳೇ. ಎರಡು ವರ್ಷ ಅಲ್ಲೇ ಆಡಿದ್ದಾಳೆ. ಈಗ ಯಲಹಂಕದ ಕಡೆ ಶನಿವಾರ ನಡೆಯೋ ಹುಡುಗಿಯರ ಲೀಗಿನ ಒಂದು ತಂಡದಿಂದ ಕರೆ ಬಂದಿದೆ. ಅಲ್ಲಿರೋದು ಆರೇ ತಂಡ, ಒಂದೇ ವಯೋಮಿತಿ: 15ರೊಳಗೆ.

"ನೀನು ಇಂಜಿನಿಯರ್ ಅಲ್ವೇನೋ, ಏನಾದ್ರೂ ಲೆಕ್ಕ ಹಾಕಿ ಹೇಳು" ಅಂದಳು ಅಕ್ಕ. ಇಂಜಿನಿಯರಿಂಗ್ ಓದಿದವನಿಗೆ ಮಿಕ್ಸಿ ರಿಪೇರಿಯಿಂದ ಮಕ್ಕಳ ಭವಿಷ್ಯದವರೆಗೆ ಎಲ್ಲಾ ಬರುತ್ತೆ ಅನ್ನೋದು ನಮ್ಮ ಮನೆಯವರ ನಂಬಿಕೆ. ನಾನೂ ಲ್ಯಾಪ್‌ಟಾಪ್ ತೆಗೆದೆ.

ಆದರೆ ಲೆಕ್ಕಕ್ಕೆ ಮೊದಲು ಎಲ್ಲರ ಮಾತು ಕೇಳಬೇಕಲ್ಲ. ಭಾವನದ್ದು ದೂರದ ಚಿಂತೆ. ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ಬೆಳಗ್ಗೆ ಆರಕ್ಕೆ ಹೊರಟರೆ ಒಂದು ಗಂಟೆ, ಮಧ್ಯಾಹ್ನ ಹೆಬ್ಬಾಳ ದಾಟಿ ವಾಪಸ್ ಬರೋಕೆ ಎರಡು ಗಂಟೆ. ಅಕ್ಕನ ಚಿಂತೆ ಬೇರೆ. "ಇನ್ನೊಂದು ವರ್ಷದಲ್ಲಿ ಅವಳು ದೊಡ್ಡವಳಾಗಬಹುದು. ಆ ಮೈದಾನದಲ್ಲಿ ಒಂದು ಟಾಯ್ಲೆಟ್ ಇಲ್ಲ ಕಣೋ. ಹುಡುಗರು ಗೋಡೆ ಹಿಂದೆ ಹೋಗ್ತಾರೆ, ಇವಳು ಮನೆಗೆ ಓಡಿ ಬರಬೇಕು. ಅದಕ್ಕೇ ಭಾನುವಾರ ಬೆಳಗ್ಗೆ ನೀರೇ ಕುಡಿಯಲ್ಲ, ಗೊತ್ತಾ?" ಬಿಸಿಲಲ್ಲಿ ಮೂರು ಗಂಟೆ ಆಡೋ ಮಗು ನೀರು ಕುಡಿಯದೆ ನಿಲ್ಲುತ್ತೆ ಅಂದರೆ ಅದು ಸಣ್ಣ ವಿಷಯ ಅಲ್ಲ.

ಕೋಚ್ ಭಾವನಿಗೆ ಹೇಳಿದ್ದು ಇಷ್ಟು: "ಸರ್, ಇಲ್ಲಿ ಹುಡುಗರ ಸ್ಪೀಡ್ ಸಿಗುತ್ತೆ. ಆ ಕಡೆ ಹೋದ್ರೆ ಆಟ ಮೆತ್ತಗಾಗುತ್ತೆ." ಈ ಮಾತನ್ನ ನೀವೂ ಕೇಳಿರಬಹುದು. ಹುಡುಗಿ ಚೆನ್ನಾಗಿ ಆಡಬೇಕು ಅಂದರೆ ಹುಡುಗರ ಜೊತೆಯೇ ಆಡಬೇಕು ಅಂತ ಹೇಳೋರು ತುಂಬಾ ಜನ.

ಅದಕ್ಕೆ ಎಲ್ಲರೂ ಕೊಡೋ ಉದಾಹರಣೆ ಶೆಫಾಲಿ ವರ್ಮಾ. ರೋಹ್ಟಕ್‌ನ ಈ ಹುಡುಗಿ ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡು ಹುಡುಗರ ನಡುವೆ ಆಡಿ ಬೆಳೆದಳು, ಒಮ್ಮೆ ಅಣ್ಣನ ಬದಲಿಗೆ ಇಳಿದಳು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಸ್ಮೃತಿ ಮಂಧಾನ ಬಂದ ದಾರಿ ಬೇರೆ. ಸಾಂಗ್ಲಿಯ ಸ್ಮೃತಿ ಒಂಬತ್ತನೇ ವಯಸ್ಸಿಗೇ ಮಹಾರಾಷ್ಟ್ರದ 15 ವರ್ಷದೊಳಗಿನ ಹುಡುಗಿಯರ ತಂಡದಲ್ಲಿದ್ದಳು, ಹನ್ನೊಂದಕ್ಕೆ 19 ವರ್ಷದೊಳಗಿನವರ ತಂಡದಲ್ಲಿ. ತನಗಿಂತ ದೊಡ್ಡ ಹುಡುಗಿಯರ ಜೊತೆ ಆಡಿ ಮೇಲೆ ಬಂದವಳು. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ವಿಶ್ವಕಪ್ ಫೈನಲ್‌ಗೆ ಭಾರತದ ಇನಿಂಗ್ಸ್ ಶುರು ಮಾಡಿದ್ದು ಇವರಿಬ್ಬರೇ. ಮೊದಲ ವಿಕೆಟ್‌ಗೆ 104 ರನ್. ಶೆಫಾಲಿ 87, ಸ್ಮೃತಿ 45. ಭಾರತ ಗೆದ್ದಿದ್ದು 52 ರನ್‌ಗಳಿಂದ. ಹಾಗಾಗಿ ದಾರಿ ಇದೊಂದೇ ಅನ್ನೋ ವಾದವನ್ನ ನಾನು ಬದಿಗಿಟ್ಟೆ.

ಆಮೇಲೆ ಲೆಕ್ಕ. ಈಗಿನ ಲೀಗಿನವರು ಪ್ರತಿ ಬಾಲನ್ನೂ ಫೋನಿನ ಆಪ್‌ನಲ್ಲಿ ಬರೆದಿಡ್ತಾರೆ. ಕಳೆದ ಸೀಸನ್ನಿನ 14 ಪಂದ್ಯದ ಸ್ಕೋರ್ ತೆಗೆದು ಕೂಡಿಸಿದೆ. ಪುಟ್ಟಿಗೆ ಬ್ಯಾಟಿಂಗ್ ಸಿಕ್ಕಿದ್ದು 6 ಪಂದ್ಯದಲ್ಲಿ, ಎಂಟನೆಯವಳಾಗಿಯೋ ಒಂಬತ್ತನೆಯವಳಾಗಿಯೋ. ಎದುರಿಸಿದ್ದು ಒಟ್ಟು 41 ಬಾಲ್. ಮಾಡಿದ ಬೌಲಿಂಗ್ 11 ಓವರ್. ಒಂದು ಪಂದ್ಯಕ್ಕೆ ಮೂರು ಗಂಟೆ ಅಂತ ಹಿಡಿದರೂ ಮೈದಾನದಲ್ಲಿ ಕಳೆದಿದ್ದು 42 ಗಂಟೆ. ಅಂದರೆ ಬ್ಯಾಟ್ ಹಿಡಿದು ಗಂಟೆಗೆ ಒಂದು ಬಾಲೂ ಆಡಿಲ್ಲ. ಅದೇ ತಂಡದ ಓಪನರ್ ಹುಡುಗನಿಗೆ ಸಿಕ್ಕಿದ್ದು 312 ಬಾಲ್.

ಹುಡುಗರ ಸ್ಪೀಡ್ ಸಿಗುತ್ತೆ ಅನ್ನೋದು ನಿಜ. ಆದರೆ ಅದು ಸಿಗ್ತಿರೋದು ಓಪನರ್‌ಗೆ. ಪುಟ್ಟಿಗೆ ಸಿಗ್ತಿರೋದು ಲಾಂಗ್ ಲೆಗ್.

ಇದರಲ್ಲಿ ಕೋಚ್ ಕೆಟ್ಟವರೇನಲ್ಲ. 20 ಓವರಿನ ಪಂದ್ಯ, ಪಾಯಿಂಟ್ಸ್ ಪಟ್ಟಿ ಬೇರೆ, ಬೌಂಡರಿ ಪಕ್ಕ ಕುರ್ಚಿ ಹಾಕ್ಕೊಂಡು ಕೂತ ಅಪ್ಪಂದಿರು. ಗೆಲ್ಲಬೇಕು ಅಂದರೆ ಚೆನ್ನಾಗಿ ಆಡೋ ಮೂವರಿಗೇ ಮತ್ತೆ ಮತ್ತೆ ಕೊಡಬೇಕಾಗುತ್ತೆ. ಆ ಮೂವರು ಇನ್ನೂ ಚೆನ್ನಾಗಿ ಆಡೋದು ಕಲಿತಾರೆ, ಉಳಿದವರು ಎಸೆದು ಕೊಡೋದು ಕಲಿತಾರೆ. ಇದು ಹುಡುಗಿಯರ ಕಷ್ಟ ಮಾತ್ರ ಅಲ್ಲ. ನಿಮ್ಮ ಮಗ ಹನ್ನೊಂದನೇ ಆಟಗಾರ ಆಗಿದ್ದರೆ ಅವನ ಕಥೆಯೂ ಇದೇ. ನಾರ್ವೆಯಲ್ಲಿ ಮಕ್ಕಳ ಆಟಕ್ಕೆ ಅಂತಲೇ ನಿಯಮ ಇದೆ: 11 ವರ್ಷಕ್ಕಿಂತ ಚಿಕ್ಕವರ ಪಂದ್ಯಗಳಿಗೆ ಪಾಯಿಂಟ್ಸ್ ಪಟ್ಟಿ ಇಲ್ಲ, 13 ಆಗೋವರೆಗೆ ರಾಷ್ಟ್ರಮಟ್ಟದ ಚಾಂಪಿಯನ್‌ಶಿಪ್ ಇಲ್ಲ. ಪಟ್ಟಿ ಇಲ್ಲದಿದ್ದರೆ ಎಲ್ಲರಿಗೂ ಬ್ಯಾಟ್ ಕೊಡೋದು ಕೋಚ್‌ಗೆ ಸುಲಭ.

ಆಚೆಯ ಲೀಗನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅವರ ಮ್ಯಾನೇಜರ್ ಮೇಡಂ ಹತ್ತಿರ ಎಂಟು ಪಂದ್ಯದ ಸ್ಕೋರ್‌ಶೀಟ್ ಕೇಳಿದೆ. ಬೇಜಾರು ಮಾಡ್ಕೊಳ್ಳದೆ ಕಳಿಸಿದರು. ತಂಡದಲ್ಲಿ ಇರೋದೇ ಹನ್ನೆರಡು ಜನ. ಅವರಲ್ಲಿ ಅತಿ ಕಡಿಮೆ ಆಡಿದ ಹುಡುಗಿಗೂ 58 ಬಾಲ್ ಸಿಕ್ಕಿದೆ. ಎಂಟೇ ಪಂದ್ಯದಲ್ಲಿ. ಮೈದಾನದಲ್ಲಿ ಬಾಗಿಲು ಇರೋ ಟಾಯ್ಲೆಟ್ ಇದೆ, ಅಕ್ಕ ಸ್ವತಃ ಹೋಗಿ ನೋಡಿ ಬಂದಳು. ಬಾಲಿನ ವಿಷಯವೂ ಇದೆ. ಈಗಿನ ಲೀಗಿನಲ್ಲಿ ದೊಡ್ಡ ಗಂಡಸರು ಆಡೋ ಬಾಲನ್ನೇ ಕೊಡ್ತಾರೆ, ಅದರ ತೂಕ 156ರಿಂದ 163 ಗ್ರಾಂ. ಮಹಿಳಾ ಕ್ರಿಕೆಟ್‌ನ ಬಾಲ್ 140ರಿಂದ 151 ಗ್ರಾಂ. ಹನ್ನೊಂದು ವರ್ಷದ ಬೆರಳಿಗೆ ಹತ್ತು ಗ್ರಾಂ ಗೊತ್ತಾಗುತ್ತೆ.

ಅಲ್ಲಿ ಎಲ್ಲಾ ಚೆನ್ನಾಗಿದೆ ಅಂತಲೂ ಇಲ್ಲ. ಒಂದು ಪಂದ್ಯದಲ್ಲಿ ಎದುರಾಳಿ ತಂಡ 29ಕ್ಕೆ ಔಟಾಗಿದೆ. ಇನ್ನೊಂದರಲ್ಲಿ ವೈಡ್‌ಗಳೇ ಮೂವತ್ತು. ತಂಡಗಳು ಕಡಿಮೆ ಇರೋದರಿಂದ ಹತ್ತು ವರ್ಷದವಳೂ ಹದಿನಾಲ್ಕರವಳೂ ಒಂದೇ ಪಂದ್ಯದಲ್ಲಿ ಆಡ್ತಾರೆ. ಪುಟ್ಟಿ ಅಲ್ಲಿ ಚಿಕ್ಕವರ ಸಾಲಿಗೆ ಸೇರ್ತಾಳೆ.

ಇಲ್ಲೇ ಹುಟ್ಟಿದ ತಿಂಗಳ ಲೆಕ್ಕವೂ ಬರುತ್ತೆ, ಅಪ್ಪ ಅಮ್ಮಂದಿರು ಇದನ್ನ ಗಮನಿಸೋದು ಕಡಿಮೆ. ಬಿಸಿಸಿಐ ವಯೋಮಿತಿಯ ಗೆರೆ ಸೆಪ್ಟೆಂಬರ್ 1. ಸೆಪ್ಟೆಂಬರ್‌ನಲ್ಲಿ ಹುಟ್ಟಿದವಳೂ ಮುಂದಿನ ಆಗಸ್ಟ್‌ನಲ್ಲಿ ಹುಟ್ಟಿದವಳೂ ಒಂದೇ ಗುಂಪು. ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಕೆನಡಾದ ಐಸ್ ಹಾಕಿಯಲ್ಲಿ ಗೆರೆ ಜನವರಿ 1. ಅಲ್ಲಿನ ಆಯ್ಕೆಯಾದ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಅಂತ ರೋಜರ್ ಬಾರ್ನ್‌ಸ್ಲಿ ಅನ್ನೋ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಯವರು 1985ರಲ್ಲೇ ತೋರಿಸಿದ್ದರು. ಕೆಲವು ತಿಂಗಳು ದೊಡ್ಡವರಾಗಿರೋದನ್ನ ನೋಡಿ ಪ್ರತಿಭೆ ಅಂದುಕೊಳ್ಳೋದು ಸುಲಭ. ನಮ್ಮ ಪುಟ್ಟಿ ಆಗಸ್ಟ್ ಮಗು. 15 ವರ್ಷದೊಳಗಿನ ಹುಡುಗಿಯರಿಗೆ ಬಿಸಿಸಿಐ 2022-23ರಲ್ಲಿ ರಾಷ್ಟ್ರಮಟ್ಟದ ಏಕದಿನ ಟೂರ್ನಿ ಶುರು ಮಾಡಿದೆ, ಅದಕ್ಕೆ ರಾಜ್ಯದ ತಂಡದ ಆಯ್ಕೆಯೂ ನಡೆಯುತ್ತೆ. ಒಂದೆರಡು ವರ್ಷದಲ್ಲಿ ಅವಳ ಹೆಸರು ಪಟ್ಟಿಯಲ್ಲಿ ಬರಲಿಲ್ಲ ಅಂತ ಯಾರೂ ಮುಖ ಸಣ್ಣ ಮಾಡಬಾರದು ಅಂತ ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.

"ಎರಡೂ ಆಡಲಿ ಬಿಡಿ" ಅಂದರು ಭಾವ. ಶನಿವಾರ ಅಲ್ಲಿ, ಭಾನುವಾರ ಇಲ್ಲಿ, ವಾರದಲ್ಲಿ ಮೂರು ಸಂಜೆ ಪ್ರಾಕ್ಟೀಸ್, ಉಳಿದ ಎರಡು ಸಂಜೆ ಟ್ಯೂಷನ್. ಮಗುವಿಗೆ ಏಳು ದಿನವೂ ಡ್ಯೂಟಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ವರದಿಯಲ್ಲಿ ಹೇಳಿರೋದು ಹೀಗೆ: ಒಂದು ಆಟವನ್ನ ಗಂಭೀರವಾಗಿ ಆಡೋ ಮಗುವಿಗೆ ವಾರಕ್ಕೆ ಕನಿಷ್ಠ ಒಂದೆರಡು ದಿನ ಆ ಆಟದಿಂದ ಬಿಡುವು ಬೇಕು, ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳ ಕಂತಿನಲ್ಲಾದರೂ, ಬಿಡುವು ಬೇಕು. ನಾವು ಆಫೀಸಿನಲ್ಲಿ ವಾರಕ್ಕೆ ಎರಡು ದಿನ ರಜೆ ಹಕ್ಕು ಅಂತೀವಿ. ಹನ್ನೊಂದು ವರ್ಷದವಳಿಗೂ ಅಷ್ಟಾದರೂ ಇರಲಿ. ಎರಡೂ ಲೀಗ್ ಅನ್ನೋ ಮಾತು ಅಲ್ಲಿಗೆ ಮುಗೀತು.

ಕೊನೆಗೆ ಅಮ್ಮ ಕೇಳಿದರು, "ಅಲ್ಲಾ, ಅವಳನ್ನ ಯಾರಾದ್ರೂ ಕೇಳಿದ್ರಾ?"

ಕೇಳಿದೆವು. ಸ್ಪೀಡ್, ಬಾಲಿನ ತೂಕ, ಹೆಬ್ಬಾಳದ ಟ್ರಾಫಿಕ್ ಯಾವುದೂ ಅವಳ ಪಟ್ಟಿಯಲ್ಲಿ ಇರಲಿಲ್ಲ. "ಮಾಮ, ಅಲ್ಲಿ ಮೂರನೇ ನಂಬರ್ ಕೊಡ್ತಾರಾ?" ಅಂತ ಮೊದಲು ಕೇಳಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮ್ಯಾಚ್ ಆದ್ಮೇಲೆ ಇವರೆಲ್ಲ ಇಡ್ಲಿ ತಿನ್ನೋಕೆ ಹೋಗ್ತಾರಲ್ಲ, ನಾನು ಟೀಮಲ್ಲಿ ಇಲ್ದಿದ್ರೂ ಬರಬಹುದಾ?" ಅಂದಳು. ಎರಡು ವರ್ಷ ಗಂಟೆಗೆ ಒಂದು ಬಾಲೂ ಸಿಗದೆ ಈ ಹುಡುಗಿ ಯಾಕೆ ಅಲ್ಲೇ ಇದ್ದಳು ಅನ್ನೋದು ಆಗ ನನಗೆ ಅರ್ಥವಾಯ್ತು. ಅವಳ ಗೆಳೆಯರು ಅಲ್ಲಿದ್ದಾರೆ. ಬಾಲ್ ಎಣಿಸಿದ ನನ್ನ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹಾಗಾಗಿ ನಿರ್ಧಾರ ಹೀಗಾಯ್ತು. ಪಂದ್ಯಗಳು ಇನ್ನು ಮುಂದೆ ಹುಡುಗಿಯರ ಲೀಗಿನಲ್ಲಿ. ವಾರದ ನೆಟ್ಸ್ ಮೂರರ ಬದಲು ಎರಡೇ ಸಂಜೆ, ಹಳೇ ಮೈದಾನದಲ್ಲಿ, ಅದೇ ಹುಡುಗರ ಜೊತೆ. ಕೋಚ್ ಹೇಳಿದ ಸ್ಪೀಡ್ ನೆಟ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಸರದಿಯ ಪ್ರಕಾರ ಸಿಗುತ್ತೆ, ಅದಕ್ಕೆ ಪಂದ್ಯವೇ ಬೇಕಾಗಿಲ್ಲ. ಕೋಚ್ ಕೂಡ ಒಪ್ಪಿದರು. ಭಾನುವಾರ ಆಟವಿಲ್ಲ, ಇಡ್ಲಿ ಇದೆ. ಶನಿವಾರದ ಡ್ರೈವಿಂಗ್ ಭಾವ ಒಂದು ವಾರ, ನಾನು ಒಂದು ವಾರ. ಹತ್ತು ಪಂದ್ಯ ಆದ ಮೇಲೆ ಮತ್ತೆ ಕೂತು ನೋಡೋದು: ಎಷ್ಟು ಬಾಲ್ ಆಡಿದಳು, ಕಾರಿನಲ್ಲಿ ವಾಪಸ್ ಬರ್ತಾ ಮಾತಾಡ್ತಾಳಾ ಅಥವಾ ಕಿಟಕಿ ಕಡೆ ಮುಖ ಮಾಡಿ ಕೂರ್ತಾಳಾ. ಅಲ್ಲಿ ಸರಿಹೋಗದಿದ್ದರೆ ಮುಂದಿನ ಸೀಸನ್‌ಗೆ ವಾಪಸ್ ಬರಬಹುದು ಅನ್ನೋದನ್ನ ಎರಡೂ ಕಡೆಯ ಅರ್ಜಿ ಪೂರ್ತಿ ಓದಿ ಖಾತ್ರಿ ಮಾಡ್ಕೊಂಡೇ ಸಹಿ ಹಾಕಿದ್ದು.

ನಿಮ್ಮ ಮನೆಯಲ್ಲೂ ಇಂಥ ಚರ್ಚೆ ನಡೀತಿದ್ದರೆ, ಅದು ಫುಟ್‌ಬಾಲ್ ಆಗಲಿ, ಬ್ಯಾಸ್ಕೆಟ್‌ಬಾಲ್ ಆಗಲಿ, ಯಾವ ಲೀಗ್ ದೊಡ್ಡದು ಅಂತ ಕೇಳೋಕೆ ಮೊದಲು ಕಳೆದ ಸೀಸನ್ನಿನ ಸ್ಕೋರ್‌ಶೀಟ್ ತರಿಸಿ ನಿಮ್ಮ ಮಗು ನಿಜವಾಗಿ ಎಷ್ಟು ನಿಮಿಷ ಆಡಿತು ಅಂತ ಎಣಿಸಿ. ಹೊಸ ಕಡೆಯಲ್ಲಿ ತೀರಾ ಕಡಿಮೆ ಆಡಿದ ಮಗು ಎಷ್ಟು ಆಡಿದೆ ಅಂತಲೂ ಕೇಳಿ. ಟಾಯ್ಲೆಟ್ ನೋಡಿ. ಆಮೇಲೆ ಪಂದ್ಯ ಮುಗಿದ ಮೇಲೆ ಯಾರ ಜೊತೆ ಇಡ್ಲಿ ತಿನ್ನಬೇಕು ಅಂತ ಮಗುವನ್ನೇ ಕೇಳಿ. ಈ ನಾಲ್ಕಕ್ಕೂ ಇಂಜಿನಿಯರಿಂಗ್ ಡಿಗ್ರಿ ಬೇಡ.